ಮರೆಯ ನಡೆಗೆ ಮಾತು: ‘ಸ್ನೀಕ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವಿಚಾರ

೧

ಅನ್ಯಭಾಷೆಯ ಗ್ರಂಥಗಳನ್ನು ಕನ್ನಡಕ್ಕೆ ತರುವವರಿಗೆ ನಾಮಪದಗಳಿಗಿಂತ ಕ್ರಿಯಾಪದಗಳೇ ಹೆಚ್ಚು ತೊಡಕನ್ನು ಒಡ್ಡುತ್ತವೆಂಬುದು ಅನುಭವಸಿದ್ಧವಾದ ವಿಷಯ. ವಸ್ತುವಿಗೆ ಹೆಸರಿಲ್ಲದಿದ್ದರೆ ಹೊಸ ಹೆಸರನ್ನು ಕಟ್ಟಬಹುದು. ಇಲ್ಲವೆ ಇದ್ದ ಹೆಸರನ್ನೇ ಎರವಲು ತರಬಹುದು. ರೈಲು, ಕಾಗದ, ಕಚೇರಿಗಳು ಹೀಗೆ ಬಂದು ನೆಲೆಸಿವೆ. ಕ್ರಿಯೆಯ ವಿಷಯದಲ್ಲಿ ಈ ಅನುಕೂಲ ಅಷ್ಟಾಗಿ ಇಲ್ಲ. ನಡೆಯುವುದು, ಹೊಗುವುದು, ಅಡಗುವುದು ಎಲ್ಲ ಜನಾಂಗಗಳಿಗೂ ಸಾಮಾನ್ಯವಾದ ಕೆಲಸಗಳಾದುದರಿಂದ ಪ್ರತಿಯೊಂದು ಭಾಷೆಯೂ ಅವನ್ನು ತನ್ನದೇ ಆದ ರೀತಿಯಲ್ಲಿ ಆಗಲೇ ವಿಂಗಡಿಸಿಕೊಂಡಿರುತ್ತದೆ. ಎರಡು ಭಾಷೆಗಳ ವಿಂಗಡಣೆ ಒಂದಕ್ಕೊಂದು ಸರಿಹೊಂದುವುದು ಅಪರೂಪ.

ಇಂಗ್ಲಿಷಿನ ‘ಸ್ನೀಕ್’ ಎಂಬ ಧಾತು ಇದಕ್ಕೆ ಒಳ್ಳೆಯ ನಿದರ್ಶನ. ಇದಕ್ಕೆ ಕನ್ನಡದಲ್ಲಿ ಸಮಾನಪದವನ್ನು ಕೇಳಿದರೆ ನುಸುಳು, ಜಾರಿಕೊಳ್ಳು, ಮೆಲ್ಲಗೆ ಹೋಗು, ಕಳ್ಳಹೆಜ್ಜೆಯಿಡು, ಗುಟ್ಟಾಗಿ ಬರು ಎಂದು ನಾಲ್ಕಾರು ಮಾತುಗಳು ಒಟ್ಟಿಗೆ ನೆನಪಿಗೆ ಬರುತ್ತವೆ. ಇವುಗಳಲ್ಲಿ ಪ್ರತಿಯೊಂದೂ ಒಂದಲ್ಲ ಒಂದು ಕಡೆ ಸಲ್ಲುತ್ತದೆ. ಯಾವುದೂ ಎಲ್ಲೆಡೆ ಸಲ್ಲುವುದಿಲ್ಲ. ಇದು ಕನ್ನಡದ ಬಡತನವೆಂದು ಭಾವಿಸುವವರು ಉಂಟು. ವಿಷಯವನ್ನು ಬಿಡಿಸಿ ನೋಡಿದರೆ ಹಾಗೆ ಭಾವಿಸಲು ಕಾರಣವಿಲ್ಲವೆಂಬುದು ತಿಳಿದುಬರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ದಿನವೂ ಓಡಾಡುವ ಪುಣೆಯ ಕನ್ನಡಿಗರಿಗೆ ಈ ವಿಚಾರ ಕೇವಲ ನಿಘಂಟಿನ ವಿಚಾರವಲ್ಲ. ಒಬ್ಬನ ನಡೆಯನ್ನು ಹೇಳುವ ಮಾತಿನಲ್ಲಿಯೇ ಅವನ ಮೇಲೆ ತೀರ್ಪು ಅಡಗಿದ್ದರೆ, ಆ ಮಾತನ್ನು ಇನ್ನೊಂದು ಭಾಷೆಗೆ ತರುವವನು ತಿಳಿದೋ ತಿಳಿಯದೆಯೋ ನ್ಯಾಯಾಧಿಪತಿಯ ಕೆಲಸವನ್ನೂ ಮಾಡಿದಂತಾಗುತ್ತದೆ.

೨

ಮೊದಲು ಇಂಗ್ಲಿಷ್ ಧಾತುವಿನ ಸ್ವರೂಪವನ್ನು ನೋಡಬೇಕು. ‘ಸ್ನೀಕ್’ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿನಾರನೆಯ ಶತಮಾನದ ಕೊನೆಯ ವೇಳೆಗೆ. ತೆವಳು ಎಂಬರ್ಥದ ‘ಸ್ನೀಕನ್’ ಎಂಬ ಪದ ಪ್ರಾಚೀನ ಇಂಗ್ಲಿಷಿನಲ್ಲಿ ಉಂಟು. ರೂಪದಲ್ಲಿಯೂ ಅರ್ಥದಲ್ಲಿಯೂ ಇವೆರಡು ಹತ್ತಿರದವು. ಆದರೆ ನಡುವಣ ಶತಮಾನಗಳಲ್ಲಿ ಕೊಂಡಿ ಸ್ಪಷ್ಟವಾಗಿ ಕಾಣದ ಕಾರಣ ಇವುಗಳ ಸಂಬಂಧವನ್ನು ವಿದ್ವಾಂಸರು ನಿಶ್ಚಿತವೆಂದು ಹೇಳುವುದಿಲ್ಲ. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದ ಕೊನೆಯ ಅಂಕದಲ್ಲಿ, ತನ್ನ ತಪ್ಪು ಬಯಲಾಯಿತೆಂದು ತಿಳಿದು ಮೆಲ್ಲನೆ ಕಾಲ್ಕೀಳಲು ನೋಡುವ ಲೂಸಿಯೋನನ್ನು ತಡೆಯುವಾಗ ಡ್ಯೂಕನು ಇದೇ ಧಾತುವನ್ನು ಬಳಸುತ್ತಾನೆ. ಧಾತುವಿನ ಸ್ವಭಾವವೆಲ್ಲ ಆ ಒಂದು ಪ್ರಯೋಗದಲ್ಲಿಯೇ ಇದೆ. ಚಲನೆಯುಂಟು, ಕಣ್ಣು ತಪ್ಪಿಸುವ ಯತ್ನವುಂಟು, ತಪ್ಪಿತಸ್ಥನ ಅಳುಕೂ ಉಂಟು.

ಈ ಮೂರನೆಯ ಅಂಶವೇ ‘ಸ್ನೀಕ್’ ಧಾತುವನ್ನು ಅದರ ಬಳಗದ ಇತರ ಧಾತುಗಳಿಂದ ಬೇರ್ಪಡಿಸುತ್ತದೆ. ‘ಕ್ರೀಪ್’ ಎಂದರೆ ಮೈಯನ್ನು ನೆಲಕ್ಕೆ ತಗ್ಗಿಸಿ ನಿಧಾನವಾಗಿ ಸಾಗುವುದು; ಮಗುವೂ ಬಳ್ಳಿಯೂ ಹುಳುವೂ ‘ಕ್ರೀಪ್’ ಮಾಡಬಲ್ಲವು. ‘ಸ್ಲಿಂಕ್’ ಎಂಬುದರಲ್ಲಿ ನಾಚಿಕೆ ಮುಖ್ಯ. ಬೈಸಿಕೊಂಡ ನಾಯಿ ಬಾಲ ಮುದುರಿ ಹೋಗುವ ಬಗೆ ಅದು. ‘ಪ್ರೌಲ್’ ಎಂಬುದರಲ್ಲಿ ಬೇಟೆಯ ಆಸೆಯಿದೆ. ‘ಲರ್ಕ್’ ಎಂಬುದು ಚಲನೆಗಿಂತ ಇರವನ್ನು ಹೇಳುತ್ತದೆ. ಮರೆಯಲ್ಲಿ ನಿಂತು ಕಾಯುವುದು ಅದರ ಅರ್ಥ. ‘ಸ್ಟೀಲ್’ ಎಂಬ ಧಾತುವಿಗೆ ಕದಿಯುವುದು ಎಂಬ ಅರ್ಥದ ಜೊತೆಗೆ ಸದ್ದಿಲ್ಲದೆ ಸಾಗುವುದು ಎಂಬ ಅರ್ಥವೂ ಉಂಟು. ಆದರೆ ಎರಡನೆಯ ಅರ್ಥದಲ್ಲಿ ಅದು ನಿರ್ದೋಷವಾದುದು. ಒಮ್ಮೊಮ್ಮೆ ಕೋಮಲವೂ ಹೌದು. ತೊಟ್ಟಿಲಿನ ಕೂಸು ಎಚ್ಚರಗೊಳ್ಳದಂತೆ ತಾಯಿ ಕೋಣೆಯಿಂದ ಹೊರಬರುವುದಕ್ಕೆ ಇಂಗ್ಲಿಷಿನ ಕಾದಂಬರಿಕಾರ ‘ಸ್ಟೀಲ್’ ಎಂದು ಬರೆಯಬಲ್ಲ. ‘ಸ್ನೀಕ್’ ಎಂದು ಬರೆದರೆ ತಾಯಿ ಏನೋ ಮಾಡಬಾರದುದನ್ನು ಮಾಡಲು ಹೊರಟಂತಾಗುತ್ತದೆ.

‘ಸ್ನೀಕ್’ ಧಾತುವಿನಿಂದ ಹುಟ್ಟಿದ ಮಾತುಗಳಲ್ಲಿಯೂ ಇದೇ ಛಾಯೆ ಇದೆ. ಇಂಗ್ಲೆಂಡಿನ ಶಾಲಾಬಾಲಕರ ಮಾತಿನಲ್ಲಿ ‘ಸ್ನೀಕ್’ ಎಂದರೆ ಜೊತೆಗಾರರ ತಪ್ಪನ್ನು ಗುರುಗಳಿಗೆ ಒಯ್ದು ಮುಟ್ಟಿಸುವವನು. ಕನ್ನಡದ ಚಾಡಿಕೋರ, ಮರಾಠಿಯ ಚಹಾಡಖೋರ. ‘ಸ್ನೀಕಿಂಗ್’ ಎಂಬ ವಿಶೇಷಣ ಬಹಿರಂಗವಾಗಿ ಒಪ್ಪಿಕೊಳ್ಳಲಾಗದ ಭಾವಗಳಿಗೆ ಅಂಟಿಕೊಳ್ಳುತ್ತದೆ. ಎದುರಾಳಿಯ ಮೇಲೆ ಇರುವ ಮೆಚ್ಚಿಕೆ, ಆಪ್ತನ ಮೇಲೆ ಬಂದ ಸಂಶಯ ಇಂಥವು. ಇಲ್ಲಿ ಕನ್ನಡಕ್ಕೆ ತೊಡಕೇ ಇಲ್ಲ. ‘ಒಳಗೊಳಗೇ ಮೆಚ್ಚಿದನು’, ‘ಒಳಗೊಳಗೇ ಸಂಶಯಪಟ್ಟನು’ ಎಂದರೆ ಅರ್ಥ ಪೂರ್ತಿಯಾಗಿ ಬರುತ್ತದೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಬ್ಬರಿನ ಅಟ್ಟೆಯ ಪಾದರಕ್ಷೆಗಳಿಗೆ ‘ಸ್ನೀಕರ್’ ಎಂಬ ಹೆಸರು ಬಂದುದು ಅವು ನಡೆಯುವಾಗ ಸದ್ದು ಮಾಡವೆಂಬ ಕಾರಣದಿಂದ. ಅದೇ ಶತಮಾನದ ಕೊನೆಯ ಹೊತ್ತಿಗೆ ಅದೇ ದೇಶದಲ್ಲಿ ಈ ಧಾತುವಿಗೆ ‘ಸ್ನೀಕ್ಡ್’ ಎಂಬ ಕ್ರಮಬದ್ಧ ಭೂತರೂಪದ ಪಕ್ಕದಲ್ಲಿ ‘ಸ್ನಕ್’ ಎಂಬ ಇನ್ನೊಂದು ರೂಪವೂ ಹುಟ್ಟಿತು. ಕ್ರಮತಪ್ಪಿದ ಭೂತರೂಪಗಳು ಕಾಲಕ್ರಮದಲ್ಲಿ ಕ್ರಮಕ್ಕೆ ಬರುವುದು ಇಂಗ್ಲಿಷಿನ ಸಾಮಾನ್ಯ ಪ್ರವೃತ್ತಿ. ಇಲ್ಲಿ ನಡೆದುದು ಅದಕ್ಕೆ ವಿಪರೀತ. ಬಹುಕಾಲ ಗ್ರಾಮ್ಯವೆನಿಸಿದ್ದ ಆ ರೂಪ ಈಗ ಅಮೆರಿಕದ ಶಿಷ್ಟಬರಹದಲ್ಲಿಯೂ ವಿರಳವಲ್ಲ.

೩

ಇಂಗ್ಲಿಷ್ ವಾಕ್ಯದಲ್ಲಿ ಈ ಧಾತು ಹೇಗೆ ನಿಲ್ಲುತ್ತದೆಂಬುದನ್ನು ಗಮನಿಸಬೇಕು. ಧಾತು ಒಂದೇ, ಅದರ ಮುಂದೆ ‘ಇನ್’, ‘ಔಟ್’, ‘ಅವೇ’, ‘ಪಾಸ್ಟ್’ ಎಂಬ ಸಣ್ಣ ಅವ್ಯಯಗಳು ಸೇರಿ ಒಳಗೆ, ಹೊರಗೆ, ದೂರ, ದಾಟಿ ಎಂಬ ದಿಕ್ಕನ್ನು ತಿಳಿಸುತ್ತವೆ. ಅಂದರೆ ನಡೆಯ ರೀತಿ ಧಾತುವಿನಲ್ಲಿದೆ. ನಡೆಯ ದಾರಿ ಅವ್ಯಯದಲ್ಲಿದೆ. ಕನ್ನಡದಲ್ಲಿ ವ್ಯವಸ್ಥೆ ಇದಕ್ಕೆ ತಿರುಗುಮುರುಗು. ಹೊಗು, ಹೊರಡು, ಏರು, ಇಳಿ, ದಾಟು ಎಂಬ ಧಾತುಗಳಲ್ಲಿ ದಾರಿ ಅಡಕವಾಗಿದೆ. ರೀತಿಯನ್ನು ಹೇಳಬೇಕಾದರೆ ಅವುಗಳ ಹಿಂದೆ ‘ನುಸುಳಿ’, ‘ತೆವಳಿ’, ‘ಬಾಗಿ’, ‘ಕದ್ದು’ ಎಂಬ ಕೃದಂತಾವ್ಯಯವನ್ನೋ, ‘ಮೆಲ್ಲನೆ’, ‘ಸದ್ದಿಲ್ಲದೆ’, ‘ಗುಟ್ಟಾಗಿ’ ಎಂಬ ಕ್ರಿಯಾವಿಶೇಷಣವನ್ನೋ ಇರಿಸಬೇಕು. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ೧೯೮೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೋಕದ ಭಾಷೆಗಳು ಚಲನೆಯ ಅಂಶಗಳನ್ನು ಹೀಗೆ ಬೇರೆಬೇರೆ ಪದಗಳಿಗೆ ಹಂಚಿಕೊಡುವ ಕ್ರಮವನ್ನು ವಿವರಿಸಿದನು. ಅಲ್ಲಿಂದ ಮುಂದೆ ಈ ಭೇದ ಭಾಷಾಶಾಸ್ತ್ರದಲ್ಲಿ ಸುವಿದಿತವಾಗಿದೆ.

ಹೀಗಿರಲು ‘ಸ್ನೀಕ್’ ಧಾತುವಿಗೆ ಒಂದೇ ಕನ್ನಡ ಧಾತುವನ್ನು ಹುಡುಕುವುದು ಮೊದಲಿನಿಂದಲೇ ತಪ್ಪುದಾರಿ. ಇಂಗ್ಲಿಷ್ ಒಂದು ಪದದಲ್ಲಿ ಕಟ್ಟಿದ ಗಂಟನ್ನು ಕನ್ನಡ ಎರಡು ಮೂರು ಪದಗಳಲ್ಲಿ ಹರವಿ ಇಡುತ್ತದೆ. ಹರವಿ ಇಡುವುದರಿಂದ ಒಂದು ಲಾಭವೂ ಉಂಟು: ಬೇಡದ ಎಳೆಯನ್ನು ಬಿಟ್ಟುಬಿಡಬಹುದು.

ಕನ್ನಡದ ಒಂದೊಂದು ಮಾತೂ ಮರೆಯ ನಡೆಯ ಒಂದೊಂದು ಮುಖವನ್ನು ಹಿಡಿಯುತ್ತದೆ. ‘ನುಸುಳು’ ಎಂಬುದಕ್ಕೆ ಸಂದಿಯೇ ಮುಖ್ಯ. ಇಕ್ಕಟ್ಟಾದ ಎಡೆಯಲ್ಲಿ ಮೈಯನ್ನು ಕಿರಿದು ಮಾಡಿಕೊಂಡು ಸಾಗುವುದೆಂಬುದೇ ಅದರ ತಿರುಳು. ಎಲೆಗಳ ನಡುವೆ ಬಿಸಿಲು ನುಸುಳುತ್ತದೆ. ಜಾತ್ರೆಯ ಜನದಟ್ಟಣೆಯಲ್ಲಿ ಹುಡುಗ ನುಸುಳುತ್ತಾನೆ. ಮುನ್ನುಡಿ ಬರೆಯುವ ಗ್ರಂಥಕರ್ತರೆಲ್ಲರ ಅಳಲಿನಂತೆ ಅಚ್ಚಿನ ದೋಷಗಳೂ ನುಸುಳುತ್ತವೆ. ಇಲ್ಲಿ ಯಾರ ಮೇಲೂ ಆಪಾದನೆಯಿಲ್ಲ. ‘ಸುಳಿ’ ಎಂಬುದು ಒಂದೆಡೆ ನಿಲ್ಲದೆ ಹತ್ತಿರದಲ್ಲಿ ಸುತ್ತಾಡುವುದನ್ನು ಹೇಳುತ್ತದೆ. ಗಾಳಿಯೂ ಸುಳಿಯುತ್ತದೆ, ಗೂಢಚಾರನೂ ಸುಳಿದಾಡುತ್ತಾನೆ. ಅಂಥವನು ಬಿಟ್ಟುಹೋದ ಗುರುತೇ ‘ಸುಳಿವು’. ‘ಹೊಂಚು’ ಎಂಬುದು ಕಾಯುವಿಕೆ; ಇಂಗ್ಲಿಷಿನ ‘ಲರ್ಕ್’ ಎಂಬುದಕ್ಕೆ ಸಮೀಪ. ‘ತೆವಳು’ ಎಂಬುದು ಮೈಯ ಭಂಗಿ. ‘ಮೆಲ್ಲನೆ’, ‘ಸದ್ದಿಲ್ಲದೆ’ ಎಂಬುವು ಕಿವಿಗೆ ಸಂಬಂಧಪಟ್ಟವು. ‘ಮರೆಯಲ್ಲಿ’ ಎಂಬುದು ಕಣ್ಣಿಗೆ ಸಂಬಂಧಪಟ್ಟುದು.

‘ಜಾರು’ ಎಂಬ ಧಾತುವಿನಲ್ಲಿ ಕನ್ನಡ ವ್ಯಾಕರಣದ ಒಂದು ಸೂಕ್ಷ್ಮ ಕಾಣಸಿಗುತ್ತದೆ. ‘ಅವನು ಮೆಟ್ಟಿಲಲ್ಲಿ ಜಾರಿದನು’ ಎಂದರೆ ಅದು ಅಪಘಾತ. ‘ಅವನು ಸಭೆಯಿಂದ ಜಾರಿಕೊಂಡನು’ ಎಂದರೆ ಅದು ಉದ್ದೇಶ. ಧಾತು ಅದೇ, ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಸೇರಿದೊಡನೆ ತನ್ನ ಹಿತಕ್ಕಾಗಿ, ತಿಳಿದೇ ಮಾಡಿದ ಕೆಲಸವೆಂಬ ಅರ್ಥ ಬಂದಿತು. ನುಣುಚಿಕೊಳ್ಳು, ತಪ್ಪಿಸಿಕೊಳ್ಳು ಎಂಬವುಗಳಲ್ಲಿಯೂ ಹೀಗೆಯೇ. ಇಂಗ್ಲಿಷ್ ಧಾತುವಿನ ಗರ್ಭದಲ್ಲಿರುವ ಉದ್ದೇಶವನ್ನು ಕನ್ನಡ ಪ್ರತ್ಯೇಕವಾದ ಒಂದು ಪದಕ್ಕೆ ವಹಿಸಿಕೊಟ್ಟಿದೆ.

೪

ಇನ್ನು ಕಳ್ಳತನದ ಮಾತು. ಮರೆಯ ನಡೆಗೆ ಕಳ್ಳನನ್ನು ಉಪಮಾನವಾಗಿ ತರುವುದು ಯಾವ ಒಂದು ಭಾಷೆಯ ಸೊತ್ತೂ ಅಲ್ಲ. ಇಂಗ್ಲಿಷಿನ ‘ಸ್ಟೆಲ್ತ್’ ಎಂಬ ನಾಮಪದಕ್ಕೆ ಮೊದಲು ಇದ್ದ ಅರ್ಥ ಕಳವು ಎಂದೇ. ಈಗ ಆ ಅರ್ಥ ಅಳಿದು, ಶತ್ರುವಿನ ರಾಡಾರಿಗೆ ಸುಲಭವಾಗಿ ಸಿಕ್ಕದ ವಿಮಾನಗಳ ವಿಶೇಷಣವಾಗಿ ಪತ್ರಿಕೆಗಳಲ್ಲಿ ಅದು ಕನ್ನಡಿಗರಿಗೂ ಪರಿಚಿತವಾಗಿದೆ. ಬೇಟೆಯನ್ನು ಅನುಸರಿಸುವ ‘ಸ್ಟಾಕ್’ ಎಂಬ ಧಾತುವೂ ಅದೇ ಬುಡಕಟ್ಟಿನದು. ‘ಫರ್ಟಿವ್’ ಎಂಬ ವಿಶೇಷಣ ಕಳ್ಳನೆಂಬರ್ಥದ ‘ಫೂರ್’ ಎಂಬ ಲ್ಯಾಟಿನ್ ಪದದಿಂದ ಬಂದುದು. ಮರಾಠಿಯಲ್ಲಿ ‘ಚೋರಪಾವಲಾಂನೀ’ ಎಂದರೆ ಕನ್ನಡದ ‘ಕಳ್ಳಹೆಜ್ಜೆಯಿಂದ’ ಎಂಬುದಕ್ಕೆ ಅಕ್ಷರಶಃ ಸಮ. ಮರಾಠಿಯ ಚೋರವಾಟ, ಚೋರದರವಾಜಾಗಳಿಗೆ ಕನ್ನಡದಲ್ಲಿ ಕಳ್ಳದಾರಿ, ಕಳ್ಳಬಾಗಿಲುಗಳು ಜೋಡಿಯಾಗಿ ನಿಲ್ಲುತ್ತವೆ. ರಾಯಗಡದ ಕೋಟೆಯಲ್ಲಿ ‘ಚೋರದಿಂಡಿ’ ಎಂಬ ಗುಪ್ತದ್ವಾರವನ್ನು ಪ್ರವಾಸಿಗರು ಈಗಲೂ ನೋಡುತ್ತಾರೆ. ಆ ಬಾಗಿಲು ಕಳ್ಳರಿಗಾಗಿ ಕಟ್ಟಿದುದಲ್ಲ. ಕೋಟೆಯ ಒಡೆಯರೇ ಆಪತ್ತಿನಲ್ಲಿ ಬಳಸಲೆಂದು ಕಟ್ಟಿಸಿದುದು. ‘ಚೋರ’ ಎಂಬುದಕ್ಕೆ ಅಲ್ಲಿ ‘ಕಣ್ಣಿಗೆ ಬೀಳದ’ ಎಂಬಷ್ಟೇ ಅರ್ಥ.

ಕನ್ನಡದ ‘ಕಳ್’ ಎಂಬ ಧಾತು ದ್ರಾವಿಡ ಭಾಷೆಗಳಿಗೆ ಸಾಧಾರಣವಾದುದು. ಬರೋ ಮತ್ತು ಎಮೆನೋ ಅವರು ೧೯೬೧ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ತಮಿಳು ಮಲಯಾಳಗಳ ‘ಕಳ್ಳನ್’ ಮತ್ತು ಕನ್ನಡದ ‘ಕಳ್ಳ’ ಒಂದೇ ಕಡೆ ಕೂಡಿಬಂದಿವೆ. ಮಲಯಾಳದಲ್ಲಿ ‘ಕಳ್ಳಂ’ ಎಂದರೆ ಸುಳ್ಳು. ಹಳಗನ್ನಡದ ‘ಕಳ್ದು’ ಎಂಬ ಭೂತಕೃದಂತ ‘ಕದ್ದು’ ಎಂದಾಗಿ ಇಂದಿಗೂ ಬಳಕೆಯಲ್ಲಿದೆ. ಈ ‘ಕದ್ದು’ ಎಂಬ ರೂಪವೇ ಇಂಗ್ಲಿಷಿನ ‘ಸ್ಟೀಲ್’, ‘ಸ್ನೀಕ್’ಗಳಿಗೆ ಕನ್ನಡದ ಅತ್ಯಂತ ಸಮೀಪದ ಪ್ರತಿನಿಧಿ. ಕದ್ದು ನೋಡುವುದು, ಕದ್ದು ಕೇಳುವುದು, ಕದ್ದಡಗುವುದು ಎಂಬಲ್ಲಿ ಯಾವ ವಸ್ತುವೂ ಕಳವಾಗಿಲ್ಲ. ಇತ್ತೀಚೆಗೆ ದೂರವಾಣಿಯ ಮಾತುಗಳನ್ನು ಗುಟ್ಟಾಗಿ ಆಲಿಸುವುದಕ್ಕೆ ಪತ್ರಿಕೆಗಳು ರೂಢಿಗೆ ತಂದಿರುವ ‘ಕದ್ದಾಲಿಕೆ’ ಈ ಬಳಗಕ್ಕೆ ಸೇರಿದ ಸುಂದರವಾದ ಹೊಸ ಪದ.

ಆದರೆ ‘ಕದ್ದು’ ಎಂಬುದನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ. ನೋಡು, ಕೇಳು ಮೊದಲಾದ, ವಸ್ತುವನ್ನು ಮುಟ್ಟದ ಕ್ರಿಯೆಗಳೊಡನೆ ಅದು ‘ಮರೆಯಲ್ಲಿ’ ಎಂಬ ಅರ್ಥವನ್ನಷ್ಟೇ ಕೊಡುತ್ತದೆ. ತರು, ಒಯ್ಯು ಮೊದಲಾದ, ವಸ್ತುವನ್ನು ಹಿಡಿಯುವ ಕ್ರಿಯೆಗಳೊಡನೆ ಸೇರಿದರೆ ನಿಜವಾದ ಕಳವಿನ ಅರ್ಥವೇ ಮುಂದಾಗುತ್ತದೆ. ರೋಗಿಗೆ ವೈದ್ಯರು ನಿಷೇಧಿಸಿದ ಉಪ್ಪಿನಕಾಯಿಯನ್ನು ಬಂಧುವೊಬ್ಬ ತನ್ನ ಮನೆಯಿಂದಲೇ ಗುಟ್ಟಾಗಿ ತಂದುಕೊಟ್ಟರೆ ಇಂಗ್ಲಿಷಿನಲ್ಲಿ ‘ಸ್ನೀಕ್’ ಎನ್ನಬಹುದು. ಅದನ್ನು ‘ಕದ್ದು ತಂದನು’ ಎಂದು ಅನುವಾದಿಸಿದರೆ ಪಾಪ, ಆ ಬಂಧು ಕಳ್ಳನಾಗುತ್ತಾನೆ. ‘ಮರೆಮಾಡಿ ತಂದನು’ ಎಂದರೆ ಸರಿ. ‘ಕದ್ದು ತಿಂದನು’ ಎಂಬುದು ಇವೆರಡರ ನಡುವೆ ನಿಲ್ಲುತ್ತದೆ. ಸಂದರ್ಭವೇ ಅಲ್ಲಿ ಅರ್ಥನಿರ್ಣಯ ಮಾಡಬೇಕು.

‘ಕಳ್ಳ’ ಎಂಬ ಮಾತಿನಲ್ಲಿ ನಿಂದೆ ಯಾವಾಗಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದನ್ನೂ ನೆನೆಯಬೇಕು. ಕಳ್ಳನೋಟು, ಕಳ್ಳಸಂತೆ, ಕಳ್ಳಸಾಗಣೆಗಳಲ್ಲಿ ಅದು ಅಪರಾಧ. ಕಳ್ಳನೋಟದಲ್ಲಿ ಅದು ಶೃಂಗಾರ. ತಾಯಿ ಮಗುವನ್ನು ‘ಕಳ್ಳ’ ಎಂದು ಮುದ್ದಿಸುವಾಗ ಅದು ವಾತ್ಸಲ್ಯ. ನೆರೆಮನೆಯ ಬೆಣ್ಣೆಗಾಗಿ ಹೊಂಚುವ ಬಾಲಕೃಷ್ಣನನ್ನು ಹರಿದಾಸರು ಕಳ್ಳನೆಂದು ಕರೆದುದು ಭಕ್ತಿಯ ಮಾತಾಗಿದೆ. ಇಂಗ್ಲಿಷಿನ ‘ಸ್ನೀಕ್’ ಎಂಬ ನಾಮಪದವನ್ನು ದೇವರಿಗೆ ಹೇಳುವುದು ಅಸಂಭವ.

ಸಂಸ್ಕೃತದಲ್ಲಿ ಇಂಥ ನಡೆಗೆ ಒಂದು ಪ್ರತ್ಯೇಕ ಧಾತುವೇ ಇತ್ತೆಂಬ ಸಂಗತಿ ಇಲ್ಲಿ ಉಲ್ಲೇಖನೀಯ. ಪಾಣಿನೀಯ ಧಾತುಪಾಠದಲ್ಲಿ ‘ತ್ಸರ್’ ಎಂಬ ಧಾತುವಿಗೆ ಛದ್ಮಗತಿ, ಅಂದರೆ ಮರೆಸಿಕೊಂಡು ಸಾಗುವುದು, ಎಂದು ಅರ್ಥ ಹೇಳಿದೆ. ವೇದದಲ್ಲಿ ಪ್ರಯೋಗವಿದ್ದ ಈ ಧಾತು ಅನಂತರದ ಕಾಲದಲ್ಲಿ ಮಸಕಾಯಿತು. ಕನ್ನಡದ ಬಳಕೆಯ ಮಾತಿನಲ್ಲಿ ಅದರ ಸುಳಿವಿಲ್ಲ. ಅದರ ಅರ್ಥವನ್ನು ಹೇಳಲು ಬಂದ ‘ಛದ್ಮ’ ಎಂಬ ಮಾತು ಮಾತ್ರ ಶಾಲೆಯ ವಾರ್ಷಿಕೋತ್ಸವಗಳ ಛದ್ಮವೇಷ ಸ್ಪರ್ಧೆಗಳಲ್ಲಿ ಮಕ್ಕಳ ಬಾಯಲ್ಲಿಯೂ ಉಳಿದುಕೊಂಡಿದೆ.

೫

ನಡೆ ಒಂದೇ ಆದರೂ ತೀರ್ಪು ಬೇರೆಯಾಗುವುದಕ್ಕೆ ಪುರಾಣೇತಿಹಾಸಗಳಲ್ಲಿ ನಿದರ್ಶನಗಳು ಹೇರಳವಾಗಿವೆ. ಹನುಮಂತನು ಮೈಯನ್ನು ಕಿರಿದು ಮಾಡಿಕೊಂಡು ರಾತ್ರಿಯಲ್ಲಿ ಲಂಕೆಯನ್ನು ಹೊಕ್ಕನು. ಅಶ್ವತ್ಥಾಮನೂ ರಾತ್ರಿಯಲ್ಲಿಯೇ ಪಾಂಡವರ ಶಿಬಿರವನ್ನು ಹೊಕ್ಕನು. ಮೊದಲನೆಯದು ಸುಂದರಕಾಂಡದ ಮಂಗಳಕಥೆ. ಎರಡನೆಯದು ಸೌಪ್ತಿಕಪರ್ವದ ಘೋರಕಥೆ. ಮಲಗಿದವರನ್ನು ಕೊಂದುದರಿಂದ ಎರಡನೆಯದು ಅಧರ್ಮವಾಯಿತೇ ಹೊರತು ಮರೆಯಲ್ಲಿ ಹೊಕ್ಕುದರಿಂದಲ್ಲ.

ಪುಣೆಯ ಇತಿಹಾಸದಲ್ಲಿಯೇ ಇದಕ್ಕೆ ಪ್ರಸಿದ್ಧವಾದ ನಿದರ್ಶನವುಂಟು. ಮೊಗಲರ ಸುಭೇದಾರನಾದ ಶಾಯಿಸ್ತಾಖಾನನು ಪುಣೆಯನ್ನು ಹಿಡಿದು ಲಾಲ್ ಮಹಲಿನಲ್ಲಿ ಬೀಡುಬಿಟ್ಟಿದ್ದಾಗ, ಕ್ರಿ.ಶ. ೧೬೬೩ರ ಏಪ್ರಿಲ್ ೫ರ ರಾತ್ರಿ ಶಿವಾಜಿಯು ಕೆಲವೇ ಆಳುಗಳೊಡನೆ ಆ ಮನೆಯನ್ನು ಹೊಕ್ಕನು. ಮದುವೆಯ ದಿಬ್ಬಣದ ನೆಪದಲ್ಲಿ ಆಳುಗಳು ಊರೊಳಗೆ ಸೇರಿದರೆಂಬ ಕಥೆಯೂ ರೂಢಿಯಲ್ಲಿದೆ. ಖಾನನು ಕೈಬೆರಳುಗಳನ್ನು ಕಳೆದುಕೊಂಡು ಬದುಕಿದನು. ಅವನ ಮಗನು ಸತ್ತನು. ಔರಂಗಜೇಬನು ಖಾನನನ್ನು ಬಂಗಾಳಕ್ಕೆ ವರ್ಗಮಾಡಿದನು. ಇಂದು ಕಸಬಾ ಪೇಟೆಯ ಬಳಿ ನಿಂತಿರುವ ಲಾಲ್ ಮಹಲು ಮೂಲದ ಕಟ್ಟಡವಲ್ಲ; ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದುದು. ಆದರೂ ಆ ರಾತ್ರಿಯ ನೆನಪು ಅಲ್ಲಿ ನಿಂತಿದೆ. ಈ ಪ್ರಸಂಗವನ್ನು ಇಂಗ್ಲಿಷಿನಲ್ಲಿ ಬರೆಯುವವನು ‘ಸ್ಟೀಲ್’ ಎಂಬ ಧಾತುವನ್ನು ಆರಿಸಿದರೆ ಸಾಹಸವರ್ಣನೆ. ‘ಸ್ನೀಕ್’ ಎಂಬುದನ್ನು ಆರಿಸಿದರೆ ಮೊಗಲರ ಪಕ್ಷದ ದೂರು. ಘಟನೆಯ ವಿವರಗಳಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸವಿಲ್ಲದೆ ಪಕ್ಷ ಮಾತ್ರ ಬದಲಾಯಿತು. ಕನ್ನಡದ ಲೇಖಕನು ‘ಕಾವಲುಗಾರರ ಕಣ್ಣು ತಪ್ಪಿಸಿ ಒಳಹೊಕ್ಕನು’ ಎಂದು ಬರೆದು ಯಾವ ಪಕ್ಷವನ್ನೂ ಹಿಡಿಯದೆ ಮುಂದೆ ಸಾಗಬಲ್ಲನು.

ಕನ್ನಡನಾಡಿನ ಚಿತ್ರದುರ್ಗದ ಐತಿಹ್ಯ ಇದಕ್ಕೆ ಇನ್ನೊಂದು ಮಗ್ಗುಲು. ಮದಕರಿನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಬಂಡೆಗಳ ನಡುವಣ ಕಿಂಡಿಯೊಂದರ ಮೂಲಕ ಒಬ್ಬೊಬ್ಬರಾಗಿ ಕೋಟೆಯೊಳಕ್ಕೆ ನುಸುಳಿದರು. ಕಾವಲುಗಾರನ ಹೆಂಡತಿ ಓಬವ್ವ ಒನಕೆಯನ್ನು ಹಿಡಿದು ಅವರನ್ನು ತಡೆದಳು. ಕೋಟೆ ಹೈದರನ ವಶವಾದುದು ಆ ಬಳಿಕ, ೧೭೭೯ರಲ್ಲಿ. ಈ ಕಥೆಯಲ್ಲಿ ‘ನುಸುಳು’ ಎಂಬ ಧಾತು ತಪ್ಪದೆ ಬರುತ್ತದೆ. ಹಗೆಗಳನ್ನು ನಿಂದಿಸುವುದಕ್ಕಾಗಿ ಅದು ಬಂದುದಲ್ಲ. ಕಿಂಡಿ ಇಕ್ಕಟ್ಟಾಗಿತ್ತೆಂಬ ಕಾರಣದಿಂದ ಬಂದುದು. ಓಬವ್ವನ ಗೆಲವೆಲ್ಲ ಆ ಇಕ್ಕಟ್ಟಿನಲ್ಲಿಯೇ ಇತ್ತು. ಒಬ್ಬೊಬ್ಬರಾಗಿ ಬಂದುದರಿಂದಲೇ ಒಂದು ಒನಕೆ ಸಾಕಾಯಿತು.

ಇದೇ ‘ನುಸುಳು’ ಧಾತುವಿಗೆ ‘ಕೋರ’ ಎಂಬ ಪ್ರತ್ಯಯ ಹತ್ತಿದಾಗ ಆಗುವ ಮಾರ್ಪಾಡನ್ನು ಗಮನಿಸಬೇಕು. ಈ ಪ್ರತ್ಯಯ ತಿನ್ನುವವನೆಂಬರ್ಥದ ‘ಖೋರ್’ ಎಂಬ ಪಾರಸಿ ಮಾತಿನಿಂದ ಬಂದುದು. ಲಂಚಕೋರ, ದಗಾಕೋರ, ಚಾಡಿಕೋರ ಎಂಬ ಪದಗಳ ಸಾಲಿಗೆ ‘ನುಸುಳುಕೋರ’ನೂ ಸೇರಿದನು. ಗಡಿಯನ್ನು ಅನುಮತಿಯಿಲ್ಲದೆ ದಾಟಿಬಂದವನಿಗೆ ಪತ್ರಿಕೆಗಳು ಬಳಸುವ ಪದವಿದು. ಮರಾಠಿಯ ‘ಘುಸಖೋರ’ ಎಂಬುದೂ ಅದೇ ಪ್ರತ್ಯಯದಿಂದ ಆದುದು. ಆದರೆ ಎರಡರ ಬುಡದಲ್ಲಿರುವ ಚಿತ್ರಗಳು ಬೇರೆ. ಮರಾಠಿಯ ‘ಘುಸಣೇ’ ಎಂಬುದು ಬಲದಿಂದ ಒಳನುಗ್ಗುವುದು. ಕನ್ನಡದ ‘ನುಸುಳು’ ಎಂಬುದು ಸಂದಿಯಲ್ಲಿ ತೂರುವುದು. ತಮಿಳಿನಲ್ಲಿ ‘ನುಸುಳು’ ಎಂಬುದಕ್ಕೆ ಅರ್ಥದಲ್ಲಿ ಸಮೀಪವಾದ ‘ನುಳೈ’ ಎಂಬ ಧಾತು ಇನ್ನೂ ಸೌಮ್ಯವಾಗಿ, ಪ್ರವೇಶವೆಂಬ ಸಾಧಾರಣ ಅರ್ಥಕ್ಕೆ ತಿರುಗಿದೆ. ಅಲ್ಲಿ ‘ನುಳೈವುಚ್ಚೀಟ್ಟು’ ಎಂದರೆ ಪ್ರವೇಶಪತ್ರ. ಹೀಗೆ ಕನ್ನಡದಲ್ಲಿ ನಿಂದೆ ಇರುವುದು ಪ್ರತ್ಯಯದಲ್ಲಿ. ಧಾತು ಶುದ್ಧವಾಗಿಯೇ ಉಳಿದಿದೆ. ಕೃತ್ಯ ಒಂದೆಡೆ, ತೀರ್ಪು ಒಂದೆಡೆ ಇರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

೬

ಇದರಿಂದ ಆಗುವ ಲಾಭನಷ್ಟಗಳು ನಿಘಂಟಿನ ಹೊರಗೂ ಉಂಟು. ೧೮೬೦ರ ಭಾರತ ದಂಡಸಂಹಿತೆಯ ಕರ್ತರು ಇಂಥ ಪ್ರವೇಶವನ್ನು ಅಪರಾಧವೆಂದು ಹೆಸರಿಸಬೇಕಾದಾಗ ‘ಲರ್ಕ್’ ಧಾತುವಿನ ರೂಪವನ್ನು ಆರಿಸಿಕೊಂಡರು. ಆದರೆ ಆ ಮಾತಿನ ಸಹಜಾರ್ಥವನ್ನೇ ನಂಬಿ ಕೂರಲಿಲ್ಲ. ೪೪೩ನೆಯ ಕಲಮಿನಲ್ಲಿ ಅದನ್ನು ಬಿಡಿಸಿ ಹೇಳಿದರು. ಗೃಹದ ಅತಿಕ್ರಮಪ್ರವೇಶವಿರಬೇಕು, ಪ್ರವೇಶಿಸಿದವನನ್ನು ಹೊರಹಾಕುವ ಹಕ್ಕುಳ್ಳವನಿಗೆ ಅದು ತಿಳಿಯದಂತೆ ಮರೆಮಾಚುವ ಎಚ್ಚರಿಕೆಯನ್ನು ಅವನು ವಹಿಸಿರಬೇಕು. ಮುಂದಿನ ಕಲಮಿನಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕಾಲವನ್ನು ಪ್ರತ್ಯೇಕಿಸಿದರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮರೆಮಾಚುವ ಎಚ್ಚರಿಕೆಯ ಈ ಲಕ್ಷಣ ಮುಂದುವರಿದಿದೆ. ಶಾಸನಕರ್ತರು ಇಲ್ಲಿ ಮಾಡಿದುದು, ಇಂಗ್ಲಿಷಿನ ಒಂದು ಗಂಟನ್ನು ಕನ್ನಡದ ಕ್ರಮದಲ್ಲಿ ಹರವಿಟ್ಟಂತೆ: ಯಾರು, ಎಲ್ಲಿಗೆ, ಯಾರ ಕಣ್ಣಿಗೆ ಮರೆಯಾಗಿ, ಯಾವ ಹೊತ್ತಿನಲ್ಲಿ.

ಈ ಎಚ್ಚ‌ರ ಸಾಕ್ಷಿಗಳ ಮಾತನ್ನು ಭಾಷಾಂತರಿಸುವವರಲ್ಲಿಯೂ ಇರುವುದು ಅಗತ್ಯ. ವಿಜಯಪುರ, ಕಲಬುರಗಿಗಳ ಕಡೆಯಿಂದ ದುಡಿಮೆಗಾಗಿ ಮಹಾರಾಷ್ಟ್ರದ ನಗರಗಳಿಗೆ ಬಂದ ಕನ್ನಡಿಗನೊಬ್ಬನು ತಾನು ಕಂಡುದನ್ನು ಹೇಳುವಾಗ, ‘ಅವನು ಬೇಲಿಯ ಸಂದಿನಾಗ ನುಸುಳಿ ಬಂದ’ ಎಂದಾನು. ಬೇಲಿಯಲ್ಲಿ ಸಂದಿ ಇತ್ತು, ಅದು ಇಕ್ಕಟ್ಟಾಗಿತ್ತು, ಬಂದವನು ಮೈ ಕುಗ್ಗಿಸಿ ಬಂದನು ಎಂಬಷ್ಟೇ ಅವನ ಅಭಿಪ್ರಾಯ. ಹತ್ತಿರದ ದಾರಿಯೆಂದು ಹಗಲಿನಲ್ಲಿ ಎಲ್ಲರೂ ಹಾಗೆ ಬರುತ್ತಿದ್ದಿರಲೂಬಹುದು. ಇದನ್ನು ಮರಾಠಿಗೆ ತರುವವನು ‘ಘುಸಲಾ’ ಎಂದರೆ ಬಲಾತ್ಕಾರದ ಅರ್ಥ ಸೇರುತ್ತದೆ. ಇಂಗ್ಲಿಷಿಗೆ ತರುವವನು ‘ಸ್ನೀಕ್’ ಎಂದರೆ ದುರುದ್ದೇಶದ ಅರ್ಥ ಸೇರುತ್ತದೆ. ಸಾಕ್ಷಿ ಹೇಳದ ಆಪಾದನೆಯನ್ನು ಹೀಗೆ ಭಾಷಾಂತರವೇ ಹೇಳಿದಂತಾಗುತ್ತದೆ. ವಿಪರ್ಯಾಸವಾಗಿ, ಇಂಗ್ಲಿಷಿನ ದೂರಿನಲ್ಲಿ ‘ಸ್ನೀಕ್’ ಎಂದಿದ್ದುದನ್ನು ಕನ್ನಡದಲ್ಲಿ ಬರಿದೆ ‘ನುಸುಳಿದನು’ ಎಂದು ಓದಿಹೇಳಿದರೆ, ತನ್ನ ಮೇಲಿರುವ ಆಪಾದನೆಯ ತೂಕ ಕೇಳುವವನಿಗೆ ತಿಳಿಯದೆ ಹೋಗುತ್ತದೆ.

ಕಥೆ ಕಾದಂಬರಿಗಳ ಅನುವಾದದಲ್ಲಿಯೂ ಇದೇ ನ್ಯಾಯ. ಮೂಲದಲ್ಲಿ ‘ಸ್ನೀಕ್’ ಎಂದು ಕಂಡೊಡನೆ ‘ನುಸುಳು’ ಎಂದು ಬರೆಯುವುದು ರೂಢಿಯಾಗುತ್ತಿದೆ. ಬಾಗಿಲು ಅಗಲವಾಗಿ ತೆರೆದಿದ್ದರೆ ಅಲ್ಲಿ ನುಸುಳುವುದು ಹೇಗೆ? ಪಾತ್ರವು ತಪ್ಪಿತಸ್ಥನಂತೆ ಹೊಕ್ಕಿತೆಂಬುದು ಮೂಲದ ಅಭಿಪ್ರಾಯವಾದರೆ ‘ಕಳ್ಳನಂತೆ ಒಳಬಂದನು’ ಎನ್ನಬೇಕು. ಕರ್ತವ್ಯದಿಂದ ತಪ್ಪಿಸಿಕೊಂಡಿತೆಂದಾದರೆ ‘ಜಾರಿಕೊಂಡನು’ ಎನ್ನಬೇಕು. ನಿದ್ರಿಸುವವರನ್ನು ಎಬ್ಬಿಸಬಾರದೆಂಬ ದಯೆ ಕಾರಣವಾದರೆ ‘ಸದ್ದಾಗದಂತೆ ಹೊರಬಂದಳು’ ಎಂದರೆ ಸಾಕು. ಕುತೂಹಲ ತಡೆಯಲಾರದ ಬಾಲಕನಾದರೆ ‘ಕದ್ದು ಇಣುಕಿದನು’ ಎಂಬುದಕ್ಕಿಂತ ಒಳ್ಳೆಯ ಮಾತು ಸಿಕ್ಕದು.

ಆದುದರಿಂದ ಇಂಗ್ಲಿಷ್–ಕನ್ನಡ ನಿಘಂಟುಗಳು ಈ ಧಾತುವಿನ ಎದುರಿಗೆ ಅಲ್ಪವಿರಾಮಗಳಿಂದ ಕೂಡಿದ ಪರ್ಯಾಯಪದಗಳ ಸಾಲೊಂದನ್ನು ಕೊಟ್ಟು ನಿಲ್ಲಿಸಿದರೆ ಉಪಕಾರ ಕಡಮೆ. ಸಾಲಿನಲ್ಲಿ ಪಕ್ಕಪಕ್ಕದಲ್ಲಿ ನಿಂತ ಪದಗಳು ಒಂದರ ಬದಲಿಗೆ ಇನ್ನೊಂದು ಸಲ್ಲುತ್ತದೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ಸಂದಿಯಾದರೆ ನುಸುಳು, ಹಿಡಿತದಿಂದ ಬಿಡಿಸಿಕೊಳ್ಳುವುದಾದರೆ ನುಣುಚಿಕೊಳ್ಳು, ಜಾರಿಕೊಳ್ಳು, ನೋಟ ಕೇಳ್ವೆಗಳಾದರೆ ಕದ್ದು ಎಂಬುದರ ಜೊತೆಗೆ ಆಯಾ ಧಾತು, ಭಾವವಾದರೆ ಒಳಗೊಳಗೇ, ವಸ್ತುವನ್ನು ಒಯ್ಯುವುದಾದರೆ ಮರೆಮಾಡಿ, ನಿಂದೆಯೇ ಪ್ರಧಾನವಾದರೆ ಕಳ್ಳನಂತೆ, ಕಳ್ಳಹೆಜ್ಜೆಯಿಂದ ಎಂದು ಸಂದರ್ಭಸಹಿತವಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ವಾಕ್ಯವನ್ನು ಕೊಡುವುದು ಯುಕ್ತ. ಕನ್ನಡವನ್ನು ಮನೆಯಲ್ಲಿ ಕೇಳಿ ಮಾತ್ರ ಕಲಿಯುತ್ತಿರುವ ಹೊರನಾಡಿನ ಮಕ್ಕಳಿಗೆ ಅಂಥ ನಿಘಂಟಿನಿಂದ ಇನ್ನೂ ಹೆಚ್ಚಿನ ಪ್ರಯೋಜನವಾದೀತು. ಅವರಿಗೆ ಇಂಗ್ಲಿಷ್ ಧಾತುವಿನ ಅರ್ಥ ಮೊದಲೇ ತಿಳಿದಿರುತ್ತದೆ. ಕನ್ನಡದಲ್ಲಿ ಅದನ್ನು ಹೇಳುವ ಮೊದಲು, ಬಂದವನು ಹೇಗೆ ಬಂದನು ಮತ್ತು ಅವನು ಬಂದುದು ತಪ್ಪೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕೆಂಬುದು ಆಗ ತಿಳಿಯುತ್ತದೆ.